ಕೋತಿ ಕಾಯಲು ದೊಡ್ಡಪ್ಪನ ಅಂಗಿ

ಆಂಧ್ರದ ಗಡಿಯ ಪೆದ್ದಹರಿವಾಣಂ ಕಡೆ, ಕಲ್ಲುಗುಡ್ಡದ ಬುಡದಲ್ಲಿ ನನ್ನ ದೊಡ್ಡಮ್ಮನ ಶೇಂಗಾ ಹೊಲ. ಗುಡ್ಡದ ಕುರುಚಲು ಕಾಡಿನ ಕೋತಿಗಳು ಗಂಡಸರನ್ನು ಕಂಡರೆ ಓಡುತ್ತವೆ, ಹೆಂಗಸರನ್ನು ಲೆಕ್ಕಕ್ಕೇ ಇಡುವುದಿಲ್ಲ. ದೊಡ್ಡಪ್ಪನಿಗೆ ಮೊಣಕಾಲು ನೋವು. ಅದಕ್ಕೇ ದೊಡ್ಡಮ್ಮ ಸೀರೆಯ ಮೇಲೆಯೇ ಅವನ ಪಂಚೆ ಸುತ್ತಿ, ಅಂಗಿ ತೊಟ್ಟು, ರುಮಾಲು ಕಟ್ಟಿ ಕಾವಲಿಗೆ ಕೂರುತ್ತಿದ್ದಳು. ಮುಂದಿನ ಬಿತ್ತನೆಗೆ ಮನೆಯ ಬೀಜ ಆ ಹೊಲದಿಂದಲೇ ಬರಬೇಕಿತ್ತು.

ಹೋದ ವರ್ಷ ರಜೆಗೆ ಹೋದ ನಾನು ಬೇವಿನ ನೆರಳಲ್ಲಿ ಕೂತು ಕೋತಿಗಳನ್ನು ನೋಡುತ್ತಿದ್ದೆ. ಚಿಕ್ಕ ಗಾತ್ರ, ಬೈತಲೆ ತೆಗೆದಂಥ ನೆತ್ತಿ. ಉಳಿದವು ಹೇನು ಹೆಕ್ಕುತ್ತಿದ್ದರೆ, ಮರಿ ಅವುಚಿಕೊಂಡ ಒಂದು ಹೆಣ್ಣು ಮಾತ್ರ ದೊಡ್ಡಮ್ಮನನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಿತ್ತು. ಹೆಣ್ಣು ನೋಡಲು ಬಂದ ಬೀಗಿತ್ತಿಯೂ ಹಾಗೆ ನೋಡುವುದಿಲ್ಲ. ಆ ನೋಟ ನನಗೆ ಒಂಚೂರೂ ಹಿಡಿಸಲಿಲ್ಲ.

"ಆಕಿಗೆ ಅನುಮಾನ ಬಂದೈತಿ, ದೊಡ್ಡಮ್ಮ," ಎಂದು ಪಿಸುಗುಟ್ಟಿದೆ.

"ಸುಮ್ಕಿರೇ. ಬಾಯಿ ಬಿಟ್ರ ಬಣ್ಣಗೇಡು. ನನ್ನ ದನಿ ಕೇಳಿದ್ರ ಮುಗೀತು."

ಒಂದು ಗಳಿಗೆ ಮಾತಿಲ್ಲದೆ ಇರಲಾರದ ದೊಡ್ಡಮ್ಮ! ದಾರಿಯ ಆಟೋದವನು ಮುದುಕನೆಂದೇ ತಿಳಿದು, "ಏಂ ಪೆದ್ದಾಯನಾ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಕೂಗಿ ಕ್ಷೇಮ ಕೇಳಿದರೂ ಕೋಲೆತ್ತಿದಳೇ ಹೊರತು ಉಸಿರೆತ್ತಲಿಲ್ಲ. ನಾನು ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕೆ.

ಮಧ್ಯಾಹ್ನ ಆ ಹೆಣ್ಣು ಬದುವಿಗೆ ಇಳಿದು ಮರಿಯನ್ನು ನೆಲಕ್ಕೆ ಬಿಟ್ಟಿತು. ಅಲ್ಲೇ ಪೊದೆಯಲ್ಲಿ ಮಲಗಿದ್ದ ನಾಯಿ ಎದ್ದದ್ದೇ ಮರಿಯ ಮೇಲೆ ನುಗ್ಗಿತು.

"ಅಯ್ಯಯ್ಯೋ, ಕೂಸು! ಹಚಾ! ನಿನ್ನ ಬಾಯಾಗ ಮಣ್ಣ ಹಾಕ!" ದೊಡ್ಡಮ್ಮ ಊರಿಗೆಲ್ಲ ಕೇಳುವಂತೆ ಕಿರುಚಿ ಓಡಿದಳು. ರುಮಾಲು ಕಳಚಿತು, ತುರುಬು ಬಿಚ್ಚಿತು. ಕೋಲು ಬೀಸಿದ್ದಕ್ಕೆ ನಾಯಿ ಪರಾರಿ. ಮರಿ ತಾಯಿಯ ಹೊಟ್ಟೆಗೆ ಅಂಟಿಕೊಂಡ ಮೇಲೆಯೇ ನನಗೆ ಜೀವ ಬಂತು.

ತಾಯಿಕೋತಿ ಓಡಲಿಲ್ಲ. ದೊಡ್ಡಮ್ಮನ ಕೂದಲನ್ನು ನೋಡಿತು, ಹೊಲಕ್ಕೆ ಇಳಿಯಿತು, ಗಿಡ ಕಿತ್ತಿತು. ಹಿಂದೆಯೇ ಇಡೀ ಗುಂಪು.

ದೊಡ್ಡಮ್ಮ ಕವಣೆಗೆ ಕಲ್ಲಿಟ್ಟು ಗುರಿ ಹಿಡಿದಳು. ಮರಿ ಹಾಲು ಕುಡಿಯುತ್ತಿತ್ತು. ಕವಣೆ ಕೆಳಗಿಳಿಸಿದಳು.

"ಹಾಲು ಕುಡ್ಸೋ ತಾಯಿನ್ನ ಹೆಂಗ ಹೊಡೀಲೇ?" ಎಂದು ಅತ್ತೇಬಿಟ್ಟಳು.

ಆಮೇಲೆ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಸಂಜೆವರೆಗೆ ಆ ತುದಿಯಿಂದ ಅವು, ಸಿಕ್ಕಷ್ಟಾದರೂ ಉಳಿಯಲೆಂದು ಈ ತುದಿಯಿಂದ ನಾವು ಕಿತ್ತೆವು. ಎಲ್ಲ ಎಳೆಕಾಯಿ. ಬಿತ್ತನೆಗೆ ಬರುವಂಥದ್ದು ಒಂದೂ ಇಲ್ಲ.

ಅಷ್ಟು ಜಾಣೆಯಾದ ಕೋತಿ, ನಾಯಿ ಮಲಗಿದ್ದಲ್ಲೇ ಮರಿಯನ್ನು ಬಿಟ್ಟಿದ್ದೇಕೆ? ದೊಡ್ಡಮ್ಮನ ದನಿ ಹೊರಡಿಸಲಿಕ್ಕೇ ಇರಬೇಕೆಂದು ನನಗಂತೂ ಇವತ್ತಿಗೂ ಅನುಮಾನ. ದೊಡ್ಡಮ್ಮನಿಗೆ ಹೇಳಿದೆ.

"ಹುಚ್ಚಿ! ನಾನು ಹೆಣ್ಣಂತ ಆಕಿಗೆ ಗೊತ್ತಾಗಿತ್ತು. ಅದಕ್ಕ ನಂಬಿ ನನ್ನ ಹೊಲದಾಗ ಕೂಸು ಬಿಟ್ಟಾಳ," ಎಂದಳು.