ಸೂಜಿಗಿಂತ ಮುಂಚೆ ಬಿದ್ದ ಗುರುತು

ಕುರಿಗೆ ಸೂಜಿ ಹಾಕುವ ದಿನ ನಮ್ಮ ಮನೆಯಲ್ಲಿ ಬಣ್ಣ ಹಚ್ಚುವ ಕೆಲಸ ನನ್ನದು. ಐಮಂಗಲದ ಹತ್ತಿರ ನಮ್ಮೂರು. ಕರುಳುಬೇನೆಗೆ ಲಸಿಕೆ ಹಾಕಲು ಪಶು ಆಸ್ಪತ್ರೆಯವರು ಬಂದರೆ ಅಪ್ಪ ಒಂದೊಂದೇ ಕುರಿ ಹಿಡಿದು ಕೊಡೋರು, ಅವರು ಚುಚ್ಚೋರು, ನಾನು ಬೆನ್ನಿಗೆ ಕೆಮ್ಮಣ್ಣು ಬಳಿದು ಆಚೆ ಬಿಡಬೇಕು. ಬಣ್ಣ ಇದ್ದರೆ ಆಯ್ತು ಅಂತ ಅರ್ಥ. ಒಂದು ಸಲ ಆಟಕ್ಕೆ ಓಡುವ ಅವಸರದಲ್ಲಿ, ಇನ್ನೂ ಸೂಜಿ ಬೀಳದ ನಾಲ್ಕೈದು ಕುರಿಗೆ ಮೊದಲೇ ಬಳಿದುಬಿಟ್ಟೆ. ಅಪ್ಪ ಬೆನ್ನಿಗೊಂದು ಗುದ್ದಿ, "ಬಣ್ಣ ನೋಡಿ ಬ್ಯಾನೆ ಓಡೋಗ್ತೈತೇನಲೇ? ಸೂಜಿ ಮೊದ್ಲು, ಬಣ್ಣ ಆಮ್ಯಾಲೆ" ಅಂದಿದ್ದರು.

ಹತ್ತು ವರ್ಷದ ಹುಡುಗಿಗೆ ಅರ್ಥವಾದ ಮಾತು ಹತ್ತೊಂಬತ್ತಕ್ಕೆ ಮರೆತುಹೋಯಿತು ಅಂದರೆ ನೀವು ನಂಬಬೇಡಿ. ಮರೆತಿರಲಿಲ್ಲ. ಅದಕ್ಕೇ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಚಿತ್ರದುರ್ಗದಲ್ಲಿ ನರ್ಸಿಂಗ್ ಓದುವಾಗ ನಮಗೊಂದು ಕಟ್ಟುನಿಟ್ಟಿನ ನಿಯಮ. ರಕ್ತದಿಂದ ಹರಡುವ ಕಾಮಾಲೆ, ಅದೇ ಹೆಪಟೈಟಿಸ್ ಬಿ, ಅದರ ಲಸಿಕೆ ಮೂರು ಡೋಸ್ ಆಗದೆ ಯಾರೂ ಆಸ್ಪತ್ರೆಯ ವಾರ್ಡಿಗೆ ಕಾಲಿಡುವ ಹಾಗಿಲ್ಲ. ಮೂರನೆಯದು ಮೊದಲನೆಯದಾಗಿ ಆರು ತಿಂಗಳಿಗೆ. ಲಸಿಕೆಯ ರಿಜಿಸ್ಟರು ಕ್ಲಾಸ್ ಲೀಡರ್ ಕೈಲಿ. ಲೀಡರು ನಾನು. ಜಂಬಕ್ಕೇನು ಕಡಿಮೆ ಇರಲಿಲ್ಲ.

ಹಾಸ್ಟೆಲಿನಲ್ಲಿ ನನ್ನ ಜೊತೆ ಇದ್ದವಳು ಬಿ.ದುರ್ಗದ ಕಡೆಯ ಹುಡುಗಿ. ಒಂದೇ ಬಕೀಟು, ಒಂದೇ ಉಪ್ಪಿನಕಾಯಿ ಡಬ್ಬಿ ನಮ್ಮದು. ಮೂರನೆಯ ಡೋಸಿನ ದಿನ ಅವಳು ಅಕ್ಕನ ಸೀಮಂತಕ್ಕೆ ಊರಿಗೆ ಹೋಗಿದ್ದಳು. ಶನಿವಾರ ರಿಜಿಸ್ಟರಿನ ಪಟ್ಟಿ ಆಸ್ಪತ್ರೆಗೆ ಹೋಗಬೇಕು. ಹೆಸರಿನ ಮುಂದೆ ಖಾಲಿ ಇದ್ದವರು ಮುಂದಿನ ತಂಡದ ಜೊತೆಗೇ ವಾರ್ಡಿಗೆ. ಅವಳು ಫೋನ್ ಮಾಡಿ, "ನಂದೂ ಒಂದು ಟಿಕ್ ಹಾಕ್ಬಿಡೇ. ಸೋಮವಾರ ಬಂದೋಳೇ ಹಾಕಿಸ್ಕಂತೀನಿ" ಅಂದಳು.

ಒಬ್ಬರ ಹಾಜರಿ ಇನ್ನೊಬ್ಬರು ಕೂಗುವುದು ನಮ್ಮಲ್ಲಿ ದಿನದ ಮಾತು. ಇದೂ ಹಾಗೇ ಅಂದುಕೊಂಡೆ. ಟಿಕ್ ಹಾಕಿದೆ, ಪಕ್ಕದಲ್ಲಿ ನನ್ನ ಸಹಿಯನ್ನೂ ಗೀಚಿದೆ. ಅವಳು ಸೋಮವಾರ ಬಂದಳು. ನಾಳೆ, ನಾಡಿದ್ದು ಅಂತ ಇಬ್ಬರೂ ತಳ್ಳಿದೆವು. ವಾರ್ಡು ಶುರುವಾಯಿತು, ಲಸಿಕೆ ತಲೆಯಿಂದಲೇ ಹೋಯಿತು. ರಿಜಿಸ್ಟರು ನೋಡಿದರೆ ಎಲ್ಲ ಸರಿಯಾಗೇ ಇತ್ತಲ್ಲ!

ಒಂದೂವರೆ ತಿಂಗಳಾಗಿರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳು ಒಬ್ಬ ರೋಗಿಯ ರಕ್ತ ತೆಗೆದು ತಿರುಗುವಾಗ ಬಳಸಿದ ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಗ್ಲೌಸ್ ತೆಗೆದರೆ ರಾಗಿಕಾಳಿನಷ್ಟು ರಕ್ತ. ಆ ರೋಗಿಗೆ ಅದೇ ಕಾಮಾಲೆ ಇದೆ ಅಂತ ಕೇಸ್ ಶೀಟಿನಲ್ಲೇ ಬರೆದಿತ್ತು.

ವಾರ್ಡಿನ ಸಿಸ್ಟರು ಕೈ ತೊಳೆಸಿ, ಲಸಿಕೆಯ ಪಟ್ಟಿ ತರಿಸಿ ನೋಡಿದರು. "ಮೂರೂ ಆಗೈತಲ್ಲ, ಸದ್ಯ. ರಕ್ತ ಪರೀಕ್ಷೆ ಮಾಡಿಸಾಣ, ಹೆದರಬ್ಯಾಡ. ಆಗಿಲ್ದೇ ಇದ್ದಿದ್ರೆ ಇವತ್ತೇ ಬ್ಯಾರೆ ಇಂಜೆಕ್ಷನ್ ಹುಡುಕ್ಕಂಡು ಓಡಬೇಕಿತ್ತು. ತಡ ಆದಷ್ಟೂ ಅದರ ಕೆಲಸ ಕಮ್ಮಿ" ಅಂದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಬೇಕಿತ್ತು. ಅವಳು ಹಿಂದಿನಿಂದ ನನ್ನ ಏಪ್ರನ್ ಹಿಡಿದು ಎಳೆದಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಅತ್ತಳು. "ಹೇಳಬ್ಯಾಡ ಕಣೇ. ಇಬ್ರನ್ನೂ ಮನೆಗೆ ಕಳಿಸ್ತಾರೆ. ನಮ್ಮಪ್ಪ ಮತ್ತೆ ಓದಿಸಲ್ಲ. ಎರಡು ಡೋಸ್ ಆಗಿದಾವಲ್ಲ, ಏನೂ ಆಗಲ್ಲ." ಎರಡು ಸಾಕಾಗಿದ್ದರೆ ಮೂರು ಯಾಕೆ ಹಾಕುತ್ತಿದ್ದರು ಅನ್ನುವುದು ನರ್ಸಿಂಗ್ ಓದುವ ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ಹೂಂ ಅಂದೆ. ಅವಳ ಮೇಲಿನ ಮರುಕಕ್ಕೆ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಸಹಿ ನನ್ನದಿತ್ತು, ನನಗೆ ನನ್ನ ಸೀಟಿನ ಭಯ.

ಊಟ ಮುಗಿಸಿ ವಾರ್ಡಿಗೆ ಮರಳಿದೆವು. ಹಾಸಿಗೆ ಹಾಸಿದೆ, ಬಿಪಿ ನೋಡಿದೆ, ನೋಡಿದ್ದನ್ನು ತಪ್ಪು ಬರೆದು ಬೈಸಿಕೊಂಡೆ. ಅವಳು ಆ ಕೊನೆಯ ಮಂಚದ ಹತ್ತಿರ ಹೆಬ್ಬೆರಳು ಮಡಚಿಕೊಂಡು ಕೆಲಸ ಮಾಡುತ್ತಿದ್ದಳು. ನಾಲ್ಕು ಗಂಟೆಗೆ ಡ್ಯೂಟಿ ಮುಗಿಯಿತು. ಪಟ್ಟಿ ಇನ್ನೂ ಸಿಸ್ಟರ ಮೇಜಿನ ಮೇಲೆ ತೆರೆದೇ ಇತ್ತು. ಅವಳ ಹೆಸರಿನ ಮುಂದೆ ಮೂರು ಟಿಕ್ಕು, ಮೂರನೆಯದು ಮಿಕ್ಕ ಎರಡಕ್ಕಿಂತ ದಪ್ಪ. ಅಪ್ಪನ ಗುದ್ದು ಬೆನ್ನ ಮೇಲೆ ಈಗ ಬಿದ್ದಂಗಾಯಿತು.

"ಸಿಸ್ಟರ್, ಅವಳಿಗೆ ಮೂರನೇದು ಆಗಿಲ್ಲ. ಟಿಕ್ ಹಾಕಿದ್ದು ನಾನು" ಅಂದೆ.

ಅವರು ಬೈಯಲಿಲ್ಲ. ಗಡಿಯಾರ ನೋಡಿದರು. ಆಮೇಲೆ ಒಂದೇ ಸಮ ಫೋನು. ಆ ಇಂಜೆಕ್ಷನ್ ನಮ್ಮಲ್ಲಿ ಖಾಲಿ, ಚಿತ್ರದುರ್ಗದ ಅಂಗಡಿಗಳಲ್ಲೂ ಇಲ್ಲ. ದಾವಣಗೆರೆಯಲ್ಲಿ ಒಂದು ಕಡೆ ಇತ್ತು, ಆದರೆ ಅಲ್ಲಿ ಅದನ್ನು ಕೊಡಬೇಕಾದವರು ಮೂರೂವರೆಗೇ ಬೀಗ ಹಾಕಿ ಹೊರಟುಹೋಗಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ ತರಿಸುವುದು ಅಂತಾಯಿತು. ಮಧ್ಯಾಹ್ನವೇ ಹೇಳಿದ್ದರೆ ಸಂಜೆಗೆ ಅವಳ ಮೈಯಲ್ಲಿರುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಅದಕ್ಕೆ ನಾನೇ ಸಾಕ್ಷಿ. ಮೂರನೆಯ ಡೋಸನ್ನು ಆಗಲೇ ಹಾಕಿದರು. ದಾವಣಗೆರೆಯಿಂದ ಬಂದಿದ್ದನ್ನು ಮರುದಿನ ಒಂಬತ್ತು ಗಂಟೆಗೆ.

ನಮ್ಮಿಬ್ಬರನ್ನೂ ಮೂರು ತಿಂಗಳು ವಾರ್ಡಿನಿಂದ ಹೊರಗಿಟ್ಟರು, ಮನೆಯವರನ್ನು ಕರೆಸಿದರು. ಕುರಿ ಬಿಟ್ಟು ಬಂದ ಅಪ್ಪ ಪ್ರಿನ್ಸಿಪಾಲರ ಎದುರು ಕುರ್ಚಿಯ ತುದಿಗೆ ಕುಂತು ಎಲ್ಲ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ: "ಆ ಮಗೀಗೆ ಈಗ ಸೂಜಿ ಬಿತ್ತೇನ್ರಿ, ಖರೇನಾ?" ಹೌದು ಅಂದರು. ಅಪ್ಪ ನನ್ನ ಕಡೆ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದರು. ಗುದ್ದಿದ್ದರೆ ವಾಸಿಯಿತ್ತು.

ಕೊನೆಯ ರಕ್ತ ಪರೀಕ್ಷೆಗೆ ಆರು ತಿಂಗಳು ಕಾಯಬೇಕಿತ್ತು. ಅಷ್ಟೂ ದಿನ ಅವಳು ಕನ್ನಡಿ ಮುಂದೆ ನಿಂತು ಕಣ್ಣು ಹಳದಿಯಾಗಿದೆಯಾ ಅಂತ ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದಳು. ನಾನು ನೋಡದವಳ ಹಾಗೆ ಪುಸ್ತಕ ಹಿಡಿಯುತ್ತಿದ್ದೆ. ನಮ್ಮ ಬಕೀಟು ಈಗ ಎರಡಾಗಿದ್ದವು.

ವರದಿ ಬಂತು. ರೋಗ ಇಲ್ಲ. ನಾನು ಹಾಸ್ಟೆಲಿನ ಮೆಟ್ಟಿಲಲ್ಲೇ ಹೋ ಅಂತ ಅತ್ತು ಅವಳ ಕೈ ಹಿಡಿದುಕೊಂಡೆ. "ನೀನು ಹೇಳಬ್ಯಾಡ ಅಂದಿದ್ದೆ, ನಾನು ಹೇಳಿಬಿಟ್ಟೆ. ಅದಕ್ಕೆ ತಾನೇ ನಿನಗೆ ನನ್ನ ಮೇಲೆ ಸಿಟ್ಟು? ತಪ್ಪಾಯ್ತು ಕಣೇ" ಅಂದೆ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಹೇಳಿದ್ದಕ್ಕಲ್ಲ," ಅಂದಳು. "ಹೇಳಬ್ಯಾಡ ಅಂದಾಗ ನಂಗೆ ಭಯಕ್ಕೆ ತಲೆ ಕೆಟ್ಟಿತ್ತು. ನೀನು ಸಂಜೆ ನಾಲ್ಕರ ತನಕ ಯಾಕೆ ನನ್ನ ಮಾತು ಕೇಳಿದೆ?"