ಮಾವನವರ ಕಾರಿಗೆ ಅರ್ತ್ ಆಗದ ಸಂಜೆ

ಮದುವೆಯಾದ ವರ್ಷ ನಾನು ವಿದ್ಯುತ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕರೆಂಟಿನ ಬಗ್ಗೆ ನನಗೆ ಖಚಿತವಾಗಿ ಗೊತ್ತಿದ್ದದ್ದು ಒಂದೇ: ಅದಕ್ಕೆ ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಬೇಕು. ಆದರೆ ನಮ್ಮ ಸೀಮೆಯದೇ ಆದ ಮಧುರೆಯ ಹತ್ತಿರದ ಮಾವನವರ ಊರಿನಲ್ಲಿ ಕರೆಂಟ್ ಆಫೀಸಿನ ಅಳಿಯನೆಂದರೆ ಮಿಂಚನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವನು. ಈ ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸುವ ಆತುರ ನನಗೂ ಇರಲಿಲ್ಲ. ಅದರ ದೆಸೆಯಿಂದ ಊಟದಲ್ಲಿ ತುಪ್ಪ ಒಂದು ಮಿಳ್ಳೆ ಹೆಚ್ಚಾಗಿ ಬೀಳುತ್ತಿತ್ತು.

ಆಯುಧಪೂಜೆ ಕಳೆದು ಮೂರು ವಾರವಾಗಿತ್ತು. ಶನಿವಾರ ಮಧ್ಯಾಹ್ನ ಹೆಂಡತಿಯೊಡನೆ ಹೋದಾಗ ಅತ್ತೆ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು, ದನಿ ತಗ್ಗಿಸಿ ವಿಷಯ ತಿಳಿಸಿದರು. ಮಾವನವರು ಈಚೆಗೆ ಹೊತ್ತು ಮುಳುಗುವ ಮೊದಲೇ ಕಾರನ್ನು ತಂದು ಕೊಟ್ಟಿಗೆಯ ಪಕ್ಕ ನಿಲ್ಲಿಸಿಬಿಡುತ್ತಿದ್ದರಂತೆ. ಸಂಜೆ ಓಡಿಸಿದರೆ ಎದುರಿನ ಬೆಳಕು ಮಿಣಮಿಣ ಅನ್ನುತ್ತದಂತೆ. ಅವರ ತಂದೆಗೆ ಇದೇ ವಯಸ್ಸಿನಲ್ಲಿ ಕಣ್ಣು ಹೋಗಿತ್ತು. ಶುರುವಾದದ್ದು ಹೀಗೆ ಮಿಣುಕಿಯೇ. ತಮಗೂ ಅದೇ ಬಂತೆಂದು ಒಳಗೊಳಗೇ ತೀರ್ಮಾನಿಸಿಕೊಂಡು, ದೀಪ ಮಿಣುಕುತ್ತದೆಯೇ ಎಂದು ಅವರು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ. ಅತ್ತೆಯ ಹತ್ತಿರ ಮಾತ್ರ ಬಾಯಿಬಿಟ್ಟಿದ್ದರು. ಹೊರಗಿನವರಿಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದರು. ಅತ್ತೆ ಆಣೆಯನ್ನು ಮುರಿಯಲಿಲ್ಲ. ಅಳಿಯ ಹೊರಗಿನವನಲ್ಲವಷ್ಟೆ.

ಸಂಜೆ ನಾನೇ, ಏನೂ ತಿಳಿಯದವನಂತೆ, ಕಾರಿನ ದೀಪ ಒಮ್ಮೆ ನೋಡುತ್ತೇನೆಂದೆ. ಮಾವನವರು ಬೀಗದ ಕೈ ಕೊಟ್ಟು, ಜಗಲಿಯ ಮೇಲೆ ಕಾರಿಗೆ ಬೆನ್ನು ಮಾಡಿ ಕೂತರು.

ಕೊಟ್ಟಿಗೆಯ ಸುಣ್ಣದ ಗೋಡೆಗೆ ಎದುರಾಗಿ ದೀಪ ಹಚ್ಚಿದೆವು. ಎಂಜಿನ್ ಸುಮ್ಮನಿದ್ದಾಗ ಬೆಳಕೂ ಸುಮ್ಮನಿತ್ತು. ಹೆಂಡತಿ ಒಳಗೆ ಕೂತು ಎಂಜಿನ್ ಓಡಿಸಿದ್ದೇ ಗೋಡೆ ಉಸಿರಾಡತೊಡಗಿತು. ಎರಡು ದುಂಡನೆಯ ಬೆಳಕುಗಳು ಒಟ್ಟಿಗೇ ಮುಚ್ಚಿ ಒಟ್ಟಿಗೇ ತೆರೆಯುತ್ತಿದ್ದವು. ಹುಲ್ಲಿನ ಧೂಳು ಅದರೊಳಗೆ ತೇಲುತ್ತಾ ಮಾಯವಾಗಿ ಮತ್ತೆ ಹುಟ್ಟುತ್ತಿತ್ತು. ಕೊಟ್ಟಿಗೆಯ ಹಸು ಮೆಲುಕು ನಿಲ್ಲಿಸಿ ನೋಡಿತು. ಹಿಂದಿನಿಂದ ರಾಗಿ ಹೊಲದ ತಂಪು ಬರುತ್ತಿತ್ತು. ನಾನು ರಿಪೇರಿಗೆ ಬಂದವನೆಂಬುದನ್ನು ಮರೆತು ಎಷ್ಟೋ ಹೊತ್ತು ಹಾಗೇ ನಿಂತಿದ್ದೆನೆಂದು ಕಾಣುತ್ತದೆ.

“ಅರ್ಜಿ ಬರ್ದು ತರ್ಲಾ? ಮೂರ್ ಕಾಪಿ ಸಾಕಾ?” ಎಂದಳು ಹೆಂಡತಿ.

ಎರಡು ಬಲ್ಬು ಒಟ್ಟಿಗೆ ಕೆಡುವುದು ಅಪರೂಪವೆಂದು ನನಗೂ ಹೊಳೆಯಿತು. ಬ್ಯಾಟರಿಗೆ ತಂತಿ ಹಿಡಿದ ತಿರುಪುಗಳು ಬಿಗಿಯಾಗಿದ್ದವು. ಆಗ ನಮ್ಮ ಕಚೇರಿಯ ಲೈನ್‌ಮನ್ ನೆನಪಾದ. ಯಾವ ದೂರು ಬಂದರೂ ಅವನ ಷರಾ ಒಂದೇ: ಅರ್ತ್ ಆಗ್ತಿಲ್ಲ. ಕರೆಂಟು ವಾಪಸು ಹೋಗಲು ನೆಲ ಮುಟ್ಟುವ ದಾರಿಗೆ ಅವನು ಅರ್ತ್ ಎನ್ನುತ್ತಿದ್ದ. ಕಾರಿಗೆ ಅದರ ಕಬ್ಬಿಣದ ಮೈಯೇ ನೆಲವೆಂದೂ ಹೇಳಿದ್ದ. ರೇಡಿಯೋದ ಏರಿಯಲ್ಲಿಗೆಂದು ಮಿಕ್ಕಿದ್ದ ತಂತಿಯನ್ನು ತಂದು, ಒಂದು ತುದಿಯನ್ನು ದೀಪಗಳ ಅರ್ತ್ ತಂತಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಕಬ್ಬಿಣಕ್ಕೂ ಒತ್ತಿ ಹಿಡಿದೆ. ಗೋಡೆಯ ಮೇಲಿನ ಬೆಳಕು ಕಣ್ಣು ಬಿಟ್ಟು ಹಾಗೇ ನಿಂತಿತು. ಕೈ ತೆಗೆದರೆ ಮತ್ತೆ ಮಿಣುಕು.

ಪದವಿ ಪಡೆದವನ ಗಾಂಭೀರ್ಯದಿಂದ ಜಗಲಿಗೆ ಹೋಗಿ ಶುಭವಾರ್ತೆ ಅರುಹಿದೆ.

“ಅರ್ತ್ ಆಗ್ತಿಲ್ಲ ಮಾವ.”

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಮಡಿಚಿದರು, ಮತ್ತೆ ಬಿಚ್ಚಿದರು.

“ಕರೆಂಟ್ ಆಫೀಸಿನೋರ್ಗೇ ಅರ್ತ ಆಗ್ತಿಲ್ಲ ಅಂದ್ಮೇಲೆ ದೀಪದಾಗೆ ಏನೂ ಇಲ್ಲ ಬಿಡಿ, ಅಳಿಯಂದ್ರೇ. ಹೋಗಿರೋದು ನನ್ ಕಣ್ಣೇ. ಕಾರು ಮಾರ್ಬಿಡಾನ. ನಿಮ್ಮತ್ತೆಗೆ ನಾನೇ ಹೇಳ್ತೀನಿ.”

ನಮ್ಮ ಸೀಮೆಯ ನಾಲಿಗೆಗೆ ಮಹಾಪ್ರಾಣವೆಂದರೆ ಮೊದಲಿನಿಂದಲೂ ಉದಾಸೀನ. ಅದು ಒಬ್ಬರ ಕಣ್ಣನ್ನೇ ಕಿತ್ತುಕೊಳ್ಳುವಷ್ಟು ದೂರ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ನನಗೆ ಎಲ್ಲ ಅರ್ಥವಾಗಿದೆಯೆಂದೂ ಆಗದಿರುವುದು ಅರ್ತ್ ಎಂದೂ ಬಿಡಿಸಿ ಹೇಳುವಷ್ಟರಲ್ಲಿ ಬೆವರು ಬಂತು.

“ದೀಪಾನೇ ಮಿಣುಕ್ತಿರೋದು ಮಾವ. ನನಗೂ ಮಿಣುಕ್ತಿದೆ.”

“ನಿಮ್ಗೂನಾ?”

“ನನಗೂ. ನಿಮ್ಮ ಮಗಳಿಗೂ.”

ಅವರು ಎದ್ದು ಬಂದು ಗೋಡೆಯ ಮುಂದೆ ನಿಂತರು. ಮಿಣುಕಿದಾಗಲೆಲ್ಲ “ಈಗ?” ಎಂದು ಕೇಳಿದರು. ನಾವಿಬ್ಬರೂ ಹೌದೆಂದೆವು. ಹೀಗೆ ಹತ್ತು ಹನ್ನೆರಡು ಸಲ. ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ಎಂಜಿನ್ ಆರಿಸಿ, ಲಾಟೀನು ಹಿಡಿದು ತಂತಿಯ ಜಾಡಿನಲ್ಲಿ ಹೋದೆವು. ಎರಡು ದೀಪಗಳ ಅರ್ತ್ ತಂತಿಯೂ ಒಂದೇ ತಿರುಪಿಗೆ ಸೇರಿತ್ತು. ಅದರ ಸುತ್ತ, ಅದರ ಕೆಳಗೆ, ಎಲ್ಲೆಲ್ಲೂ ಹೊಳೆಯುವ ಕಪ್ಪು ಬಣ್ಣ.

ಮಾವನವರು ಕೆಮ್ಮಿದರು. ಆಯುಧಪೂಜೆಗೆ ಕಾರನ್ನು ಅಣಿ ಮಾಡುವಾಗ, ಕಿಟಕಿ ಕಂಬಿಗೆ ತಂದ ಬಣ್ಣ ಮಿಕ್ಕಿತ್ತು. ದೇವರ ಮುಂದೆ ತುಕ್ಕು ಹಿಡಿದ ಆಯುಧ ನಿಲ್ಲಿಸಬಾರದೆಂದು, ಆ ತಿರುಪನ್ನು ಬಿಚ್ಚಿ, ಅಡಿಗೂ ಎರಡು ಕೈ ಬಳಿದು, ಒಣಗಿದ ಮೇಲೆ ಭಕ್ತಿಯಿಂದ ಮತ್ತೆ ಬಿಗಿದಿದ್ದರು. ಆ ಬಣ್ಣವೇ ಕರೆಂಟಿನ ದಾರಿಗೆ ಅಡ್ಡ ಕೂತಿತ್ತು; ಎಂಜಿನ್ ಅದುರಿದಾಗಲೆಲ್ಲ ಉಳಿದಿದ್ದ ಚೂರು ಸಂಪರ್ಕವೂ ತಪ್ಪುತ್ತಿತ್ತು.

ಉಪ್ಪುಕಾಗದದಿಂದ ಅವರೇ ಉಜ್ಜಿದರು. ಕಬ್ಬಿಣ ಬೆಳ್ಳಗಾಗುವವರೆಗೂ ಬಿಡಲಿಲ್ಲ. ತಿರುಪು ಬಿಗಿದು ಎಂಜಿನ್ ಓಡಿಸಿದರೆ ಗೋಡೆ ಹುಣ್ಣಿಮೆಯಂತೆ ನಿಂತಿತು.

ಆಮೇಲೆ ಯಾರ ಮಾತೂ ಕೇಳದೆ ನಮ್ಮೆಲ್ಲರನ್ನೂ ಕೂರಿಸಿಕೊಂಡು ಕೆರೆ ಏರಿಯ ಕಡೆ ಹೊರಟರು. ಮಬ್ಬು ಇಳಿಯುತ್ತಿತ್ತು. ಕಂಡದ್ದನ್ನೆಲ್ಲ ಅವರು ಗಟ್ಟಿಯಾಗಿ ಹೇಳುತ್ತಾ ಹೋದರು: ಹುಣಸೆಮರ, ಮೈಲಿಗಲ್ಲು, ಅದರ ಮೇಲಿನ ಅಂಕಿ, ಎತ್ತಿನ ಗಾಡಿ, ಎಡಗಡೆಯ ಎತ್ತಿನ ಮುರಿದ ಕೊಂಬು. ನಾನು ಒಂದೊಂದಕ್ಕೂ ಹೌದು ಮಾವ ಎಂದೆ. ನೀರಿನ ಆಚೆ ದಡದಲ್ಲಿ ಕೂತಿದ್ದ ಕೊಕ್ಕರೆಯನ್ನೂ ಹೇಳಿದರು. ಅದು ನನಗೆ ಕಾಣಲಿಲ್ಲ. ಹೌದು ಎಂದೆ.