ನಕ್ಷತ್ರಗಳಿಗೆ ಕೂಗಿದ ಹೆಸರು

ಬೇಯುವ ಗೆಣಸಿನ ವಾಸನೆ ಬಂದರೆ ನನಗೆ ಇಂದಿಗೂ ಕಡಲಾಚೆಯ ಸೆರಂಗೂನಿನ ನಮ್ಮ ಬ್ಲಾಕಿನ ಎಂಟನೇ ಮಹಡಿಯ ಮನೆ ನೆನಪಾಗುತ್ತದೆ. ಅದು ಮೇರೆ ಆಂಟಿಯ ಮನೆ. ಅವರು ನ್ಯೂಜಿಲೆಂಡಿನ ಮಾವೊರಿ ಜನ. ಗಂಡನಿಗೆ ಪಾಸಿರ್ ಪಂಜಾಂಗಿನ ಹಡಗು ಕಚೇರಿಯಲ್ಲಿ ಕೆಲಸ. ಬಾಗಿಲು ಮುಚ್ಚುವ ಅಭ್ಯಾಸವೇ ಇರದ ಮನೆ. ಹೊರಗೆ ರಾಶಿ ಚಪ್ಪಲಿ, ಒಳಗೆ ಗೋಡೆಗೆ ಒರಗಿಸಿದ ಗಿಟಾರ್, ಮೇಜಿನ ಮೇಲೆ ಯಾರೋ ಅರ್ಧ ಕುಡಿದಿಟ್ಟ ಚಹಾ. ಅವರ ಮಗಳು ಆನಾ ನನ್ನ ಕ್ಲಾಸಿನವಳು. ಅಮ್ಮ ಒನ್-ನಾರ್ತ್ ಕಡೆಯ ಆಫೀಸಿನಿಂದ ಬರುವತನಕ ಹನ್ನೊಂದು ವರ್ಷದ ನಾನು ಆ ಮೇಜಿನಲ್ಲೇ ಹೋಂವರ್ಕ್ ಮಾಡುತ್ತಿದ್ದೆ.

ಆ ವರ್ಷ ಮಾರ್ಚಿನಲ್ಲಿ ಮೈಸೂರಿನಲ್ಲಿ ಅಜ್ಜಿ, ಅಮ್ಮನ ತಾಯಿ, ತೀರಿಕೊಂಡರು. ಅಮ್ಮನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು. ಅದು ಕೈಗೆ ಬರುವಷ್ಟರಲ್ಲಿ ಊರಲ್ಲಿ ಎಲ್ಲ ಮುಗಿದಿತ್ತು. ಮದುವೆಯಾದ ಮಗಳಿಗೆ ಸೂತಕ ಮೂರೇ ದಿನ. ಆದರೂ ಅಮ್ಮ ಆ ಯುಗಾದಿಗೆ ಬೇವು-ಬೆಲ್ಲ ಕೂಡ ಮಾಡಲಿಲ್ಲ. ಅವಳು ಅತ್ತದ್ದನ್ನೂ ನಾನು ಕಾಣಲಿಲ್ಲ. ಜೂನ್ ಕೊನೆಗೆ ಮೇರೆ ಆಂಟಿ ತಮ್ಮ ಹೊಸ ವರ್ಷಕ್ಕೆ ಕರೆದರು. ಕೆಲವು ವಾರ ಮರೆಯಾಗಿದ್ದ ಕೃತ್ತಿಕೆಯ ಗುಂಪು ಬೆಳಗಿನ ಜಾವ ಮತ್ತೆ ಪೂರ್ವದಲ್ಲಿ ಕಂಡಾಗ ಅವರಿಗೆ ವರ್ಷ ಹೊಸದು. ಅದಕ್ಕೆ ಮಾತರಿಕಿ ಎನ್ನುತ್ತಾರೆ. ಮೊದಲು ಆ ವರ್ಷ ತೀರಿಕೊಂಡವರ ಹೆಸರನ್ನು ನಕ್ಷತ್ರಗಳಿಗೆ ಕೂಗಿ ಹೇಳಿ ಅಳಬೇಕು. ಆಮೇಲೆ ಅಡುಗೆಯ ಹಬೆಯನ್ನು ಆಕಾಶಕ್ಕೆ ಬಿಡಬೇಕು. ಊಟ, ಹಾಡು ಎಲ್ಲ ಅದರ ನಂತರ. "ನಿನ್ನ ಅಮ್ಮನನ್ನು ಕರೆದುಕೊಂಡು ಬಾ. ಈ ಬೆಳಗು ಅವರಂಥವರಿಗೇ ಇರೋದು ಅಂತ ಹೇಳು" ಎಂದರು ಆಂಟಿ.

ನಾನು ಅಷ್ಟನ್ನು ಹೇಳಲಿಲ್ಲ. "ಆಂಟಿ ಮನೇಲಿ ನ್ಯೂ ಇಯರ್ ಅಂತೆ, ಬರ್ತೀಯಾ?" ಅಂದೆ. "ಈ ವರ್ಷ ಯಾವ ಹಬ್ಬಾನೂ ಬೇಡ ಪುಟ್ಟಿ. ನೀನು ಹೋಗಿ ಬಾ" ಎಂದಳು ಅಮ್ಮ. ಹಾಗೇ ಅನ್ನುತ್ತಾಳೆಂದು ನನಗೆ ಗೊತ್ತಿತ್ತು. ಆನಾಳ ಮುಂದೆ ಅಮ್ಮ ಅಳುವುದು ನನಗೆ ಬೇಕಿರಲಿಲ್ಲ.

ಆ ದಿನ ಬೆಳಗಿನ ಜಾವ ಐದೂವರೆಗೆ ಕಾರ್ ಪಾರ್ಕಿನ ತುದಿಯ ಮಹಡಿಗೆ ಹೋದೆವು. ಅವರ ಊರಲ್ಲಿ ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲಿನ ಮೇಲೆ ಬೇಯಿಸುತ್ತಾರಂತೆ. ಇಲ್ಲಿ ಒಂದು ಸಣ್ಣ ಗ್ಯಾಸ್ ಒಲೆ, ಅದರ ಮೇಲೆ ಹಬೆಪಾತ್ರೆ. "ಗುಂಡಿ ತೋಡಿದರೆ ಫೈನ್ ಹಾಕ್ತಾರೆ" ಎಂದರು ಅಂಕಲ್. "ಫೈನ್ ಅಲ್ಲ ಡ್ಯಾಡ್, ಜೈಲು ಲಾ" ಎಂದಳು ಆನಾ, ಆ ಊರಿನ ಮಾತಿನ ಧಾಟಿಯಲ್ಲಿ. ಮೋಡದ ಸಂದಿಯಲ್ಲಿ ಮಸುಕಾಗಿ ಆ ಗುಂಪು ಕಂಡಿತು. ಆಂಟಿ ತಮ್ಮ ಅಣ್ಣನ ಹೆಸರು ಕೂಗಿದರು. ಆಮೇಲೆ ನನ್ನತ್ತ ತಿರುಗಿ, "ನಿನ್ನ ಅಜ್ಜಿಯ ಹೆಸರು?" ಎಂದರು.

ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ, ರಜೆಯಲ್ಲಿ, ಮನೆಯ ಮಾತಿನಲ್ಲಿ ಅವರು ಬರೀ ಅಜ್ಜಿ. ಮೂವರೂ ಕಾಯುತ್ತಿದ್ದರು. "ಲಕ್ಷ್ಮಿ" ಅಂದುಬಿಟ್ಟೆ. ಆಂಟಿ ಪೂರ್ವಕ್ಕೆ ಮುಖ ಮಾಡಿ ಆ ಹೆಸರನ್ನು ಗಂಟಲು ಬಿರಿಯುವಂತೆ ಕೂಗಿದರು. ಕಂಡೇ ಇರದ ಹೆಂಗಸಿಗಾಗಿ ಬಿಕ್ಕಿ ಅತ್ತರು. ಆಮೇಲೆ ಪಾತ್ರೆಯ ಮುಚ್ಚಳ ತೆಗೆದರು. ಸತ್ತವರನ್ನು ವರ್ಷವಿಡೀ ಹೊತ್ತು ದಣಿದ ನಕ್ಷತ್ರಗಳಿಗೆ ಆ ಹಬೆಯೇ ಊಟವಂತೆ. ನಾನು ಗೆಣಸು ತಿಂದೆ, ಎರಡು ಹೋಳು.

ಸಂಜೆ ಲಿಫ್ಟಿನಲ್ಲಿ ಆಂಟಿ ಅಮ್ಮನ ಎರಡೂ ಕೈ ಹಿಡಿದುಕೊಂಡು, ಬೆಳಗ್ಗೆ ನಡೆದದ್ದನ್ನೆಲ್ಲ ಹೇಳಿದರು. "ನಿಮ್ಮ ತಾಯಿ ಲಕ್ಷ್ಮಿ ಈಗ ನಕ್ಷತ್ರ" ಎಂದರು. ಅಮ್ಮ ನನ್ನನ್ನು ನೋಡಲಿಲ್ಲ. "ಥ್ಯಾಂಕ್ಸ್, ಮೇರೆ" ಎಂದಳು. ಮನೆಗೆ ಬಂದು ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತು, "ಪುಟ್ಟತಾಯಮ್ಮ ಅಂತ ಕಣೇ ಅವಳ ಹೆಸರು. ನನ್ನ ಕೇಳಿದ್ದರೆ ಹೇಳ್ತಿದ್ದೆ, ನಾನೇ ಬರ್ತಿದ್ದೆ" ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮುಂದಿನ ಮಾತರಿಕಿಗೆ ಮೊದಲೇ ಅಂಕಲ್ ಅವರ ಕೆಲಸದ ಅವಧಿ ಮುಗಿದು ಆ ಮನೆ ಖಾಲಿಯಾಯಿತು. ಆಂಟಿಗೆ ನಾನು ನಿಜ ಹೇಳಲೇ ಇಲ್ಲ.

ಈಗ ನಾನು ಪತ್ರಿಕೆಯ ಕೆಲಸದಲ್ಲಿದ್ದೇನೆ. ನಿಧನ ವಾರ್ತೆಯ ಹೆಸರು ತಪ್ಪಿದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಹೋದ ವರ್ಷ ಆನಾಳಿಂದ ಸಂದೇಶ ಬಂತು. ಮೇರೆ ಆಂಟಿ ತೀರಿಕೊಂಡಿದ್ದರು. ಮಾತರಿಕಿಯ ದಿನ ಅವರ ಹೆಸರು ಕೂಗುತ್ತಾರಂತೆ. "ಈ ವರ್ಷ ನಿನ್ನ ಕಡೆಯಿಂದ ಯಾರದಾದರೂ ಹೆಸರಿದೆಯಾ?" ಎಂದು ಕೇಳಿದ್ದಳು. ಪುಟ್ಟತಾಯಮ್ಮ ಎಂದು ಬರೆದೆ. ಅಜ್ಜಿಯ ವರ್ಷ ಎಂದೋ ಕಳೆದುಹೋಗಿತ್ತು. ಅಳಿಸಿದೆ. ಯಾರೂ ಇಲ್ಲ ಎಂದು ಬರೆದು ಕಳಿಸಿದೆ.